ಲೆಕ್ಕದ ಗುಳಿಗೆ

ಔಷಧದಂಗಡಿಯ ಹುಡುಗಿ ಇವತ್ತೂ ತಲೆಯಾಡಿಸಿದಳು:
"ಸ್ಟಾಕ್ ಬಂದಿಲ್ಲ, ಗುರುವಾರ ಕೇಳಿ ನೋಡಿ."
ಮೂರು ಊರು, ಐದು ಅಂಗಡಿ.
ಡಾಕ್ಟರು ಕಂಪ್ಯೂಟರಿನಲ್ಲೇ ಕಳಿಸಿದ್ದಾರೆ, ಆದರೂ
ಚೀಟಿಯಲ್ಲಿ ಬರೆದು ಕೈಚೀಲದೊಳಗೆ ಇಟ್ಟುಕೊಂಡಿದ್ದೇನೆ:
ಮೊಮ್ಮಗ ತೆಯೋ, ವಯಸ್ಸು ಹನ್ನೊಂದು,
ಹತ್ತು ಮಿಲಿಗ್ರಾಂ, ಬೆಳಗಿನ ತಿಂಡಿಯ ಜೊತೆ.

ಹನ್ನೊಂದು.
ಅಪ್ಪನಿಗೂ ಆಗ ಅಷ್ಟೇ.

ವೂನ್‌ಸಾಕೆಟ್ಟಿನ ಉಣ್ಣೆಗಿರಣಿಯ ಹಿಂದಿನ ಸಾಲುಮನೆ.
ಬೆಂಚಿನ ಮೇಲೆ ಕೂರಲಾರದ ಆನ್ಸೆಲ್ಮ್,
ಕಂಡದ್ದನ್ನೆಲ್ಲ ಒದೆಯುವ, ಸಿಸ್ಟರುಗಳ ತಲೆವಸ್ತ್ರ ಎಳೆಯುವ ಆನ್ಸೆಲ್ಮ್,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮೂವತ್ತೇಳರ ಚಳಿಯಲ್ಲಿ ಅಜ್ಜಿ ಬಸ್ಸು ಹತ್ತಿಸಿ
ಮಕ್ಕಳ ಆಸ್ಪತ್ರೆಯೊಂದರಲ್ಲಿ ಬಿಟ್ಟು ಬಂದಳು.
ಒಂದು ಜೊತೆ ಕಾಲುಚೀಲ, ಒಂದು ಜಪಮಾಲೆ.

ಅಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರಂತೆ.
ತಲೆ ಸಿಡಿದುಹೋಗುವ ನೋವಂತೆ.
ನೋವಿಗೆಂದು ಒಂದು ಬಿಳಿ ಗುಳಿಗೆ.
ನೋವೇನೋ ಹೋಗಲಿಲ್ಲ,
ಮಧ್ಯಾಹ್ನ ನೋಡಿದರೆ ಹುಡುಗ
ಸ್ಲೇಟಿನ ಮುಂದೆ ಕೂತಿದ್ದಾನೆ!
ಎಂದೂ ಬಗ್ಗದ ಭಾಗಾಕಾರ
ಮೆಟ್ಟಿಲು ಮೆಟ್ಟಿಲಾಗಿ ಇಳಿದು
ಕೆಳಗೆ, ಶೇಷ ಸೊನ್ನೆ.

ಲೆಕ್ಕದ ಗುಳಿಗೆ ಅಂತ ಹೆಸರಿಟ್ಟವರು ಡಾಕ್ಟರಲ್ಲ,
ಆ ಹುಡುಗರೇ.
ಸಾಲಾಗಿ ನಿಂತು ನಾಲಿಗೆ ಚಾಚುತ್ತಿದ್ದರಂತೆ
ಪರಮಪ್ರಸಾದಕ್ಕೆ ಚಾಚಿದ ಹಾಗೆ.

ಸಾಯುವ ವರ್ಷವೂ ಅಪ್ಪ ಹೇಳುತ್ತಿದ್ದ:
"ಒಂದು ವಾರ, ಒಡೀಲ್, ನನ್ನ ತಲೆಯೊಳಗಿನ ಗಿರಣಿ ನಿಂತಿತ್ತು.
ನಿಂತ ಮೇಲೇ ಗೊತ್ತಾದದ್ದು, ಇಷ್ಟು ದಿನ ಓಡುತ್ತಿತ್ತು ಅಂತ.
ಕಿಟಕಿಯಾಚೆ ಹುಡುಗರು ಹಿಮದ ಉಂಡೆ ಎಸೆದಾಡುತ್ತಿದ್ದರು.
ನೋಡಿದೆ. ಏಳಬೇಕು ಅನಿಸಲಿಲ್ಲ."
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಅದು ಸುಖವೋ ಸಂಕಟವೋ
ಅವನ ದನಿಯಿಂದ ನನಗೆಂದೂ ತಿಳಿಯಲಿಲ್ಲ.

ಏಳು ವರ್ಷಕ್ಕೆ ಅದೇ ಗುಳಿಗೆ ಮತ್ತೆ ಸಿಕ್ಕಿತು,
ಈ ಸಲ ಸೈನ್ಯದ ಡಬ್ಬಿಯಲ್ಲಿ.
ಬಾಂಬರಿನ ಬಾಲದಲ್ಲಿ ಬಂದೂಕು ಹಿಡಿದು ಕೂತವನಿಗೆ
ನಿದ್ದೆ ಬರಬಾರದು.
ಕೆಳಗೆ ಜರ್ಮನಿಯವರೂ ತಮ್ಮದೊಂದನ್ನು ನುಂಗಿದ್ದರು,
ಆಚೆ ಜಪಾನಿನವರೂ.
ಆ ಯುದ್ಧದಲ್ಲಿ ಯಾರೂ ನಿದ್ದೆ ಮಾಡಲಿಲ್ಲ ಅನ್ನುತ್ತಿದ್ದ ಅಪ್ಪ,
ಸತ್ತವರನ್ನು ಬಿಟ್ಟು.

ಅಮ್ಮನದು ಕಿತ್ತಳೆ ಬಣ್ಣ, ಹೃದಯದ ಆಕಾರ.
ಅರವತ್ತೆರಡು. ಸೊಂಟ ಸಣ್ಣಗಾಗಲೆಂದು
ನಮ್ಮ ಬೀದಿಯ ಡಾಕ್ಟರೇ ಬರೆದುಕೊಟ್ಟದ್ದು.
ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ನೆಲ ಉಜ್ಜುತ್ತಿದ್ದಳು,
ಉಜ್ಜಿದ್ದನ್ನೇ ಉಜ್ಜುತ್ತಿದ್ದಳು,
ಪರದೆ ಬಿಚ್ಚಿ ಇಸ್ತ್ರಿ ಮಾಡಿ ಮತ್ತೆ ಕಟ್ಟುತ್ತಿದ್ದಳು.
ಬ್ಲಾಂಷ್ ಎಂಥ ಗೃಹಿಣಿ, ಅಂದರು ನೆರೆಯವರು.
ಎಪ್ಪತ್ತರ ಹೊತ್ತಿಗೆ ಸರ್ಕಾರ ಕೈ ಬಿಗಿಮಾಡಿತು.
ಸೀಸೆ ಬರಿದಾದ ದಿನ ಅಮ್ಮ ಮಲಗಿದಳು.
ಆಮೇಲೆ ಎದ್ದಳು ಅಂತ ಹೇಳಲಾರೆ.

ಕಳೆಯುವ ಲೆಕ್ಕದಲ್ಲಿ, ಕೈಯಲ್ಲಿಲ್ಲದಿದ್ದರೆ
ಪಕ್ಕದ ಮನೆಯಿಂದ ಹತ್ತು ಕಡ ತರಬೇಕು
ಅಂತ ಕಲಿಸಿದವನು ಅಪ್ಪನೇ.
ಅಮ್ಮ ತಂದದ್ದು ನಾಳೆಯ ಮನೆಯಿಂದ.
ಅಪ್ಪ? ಆಸ್ಪತ್ರೆಯ ಆ ವಾರ ಅವನು ಕಡ ತಂದಿರಲಿಲ್ಲ,
ಅವನದೇ ಅವನಿಗೆ ಸಿಕ್ಕಿತ್ತು, ಅನಿಸುತ್ತದೆ.
ಗುಳಿಗೆ ಹೆಚ್ಚುಕಡಿಮೆ ಒಂದೇ. ಮಗಳು ಕೇಳಿದಾಗ
ಯಾರ ಕತೆ ಹೇಳಲಿ?
"ಡಾಕ್ಟರು ಹೇಳಿದ ಹಾಗೆ ಮಾಡು," ಅಂದೆ. ಹೇಡಿ.

ಕಾರಿನಲ್ಲಿ ತೆಯೋ. ಗುಳಿಗೆಯಿಲ್ಲದ ಆರನೆಯ ದಿನ.
ಮುಂದಿನ ಸೀಟಿನ ಬೆನ್ನಿಗೆ ಅವನ ಬೂಟಿನ ಗುರುತುಗಳು.
"ಸಿಕ್ಕಿತಾ ಮೆಮೇರ್?"
"ಇಲ್ಲ."
ನಾಳೆ ಭಿನ್ನರಾಶಿಯ ಪರೀಕ್ಷೆ. "ನಂಗೆ ಅದು ಬೇಕು" ಅಂದ,
ಹಟವಿಲ್ಲದೆ, ಮೆಲ್ಲಗೆ,
ಕನ್ನಡಕ ಮರೆತು ಬಂದವನು ಕೇಳುವ ಹಾಗೆ.

ಅಷ್ಟರಲ್ಲಿ ವರ್ಷದ ಮೊದಲ ಹಿಮ.
ಬಾಗಿಲು ತೆರೆದು ಇಳಿದೇಬಿಟ್ಟ.
"ಗುರುವಾರಕ್ಕೆ ಇನ್ನೆಷ್ಟು ದಿನ, ಹೇಳು!" ಕೂಗಿದೆ.
ನಿಂತ. ಒಂದೊಂದೇ ಬೆರಳು ಮಡಿಸಿದ.
ಎರಡಕ್ಕೆ ಬಂದವನು
ಮೂರನೆಯ ಬೆರಳ ಮೇಲೆ ಬಿದ್ದ ಹಿಮವನ್ನು ನೋಡುತ್ತ
ಹಾಗೇ